ಪುತಿತಳ ಚಿಕ್ಕಮನೆಗೆ ನೀರು ಬಿದ್ದದ್ದು

ಹೆತ್ತ ಮಗನ ಮೇಲೆ ತಾಯಿಗೆ ಹೇಸಿಗೆ ಹುಟ್ಟುವುದಿಲ್ಲ ಎಂದು ಹೇಳಿದವರು ಯಾರೋ, ಅವರಿಗೆ ತುಂಡುಪ್‌ನಂಥ ಮಗ ಇರಲಿಲ್ಲ. ಪುತಿತ್ ಸಣ್ಣಪುಟ್ಟದ್ದಕ್ಕೆಲ್ಲ ಮೂಗು ಮುರಿಯುವ ಹೆಂಗಸಲ್ಲ. ಮೂವತ್ತನಾಲ್ಕು ವರ್ಷ ಸಗಣಿ ತಟ್ಟಿದವಳು, ಕುರಿ ಕೊಯ್ದ ದಿನ ಕರುಳು ತೊಳೆದವಳು, ಹಾಸಿಗೆ ಹಿಡಿದ ಅತ್ತೆಯ ಮೈಯನ್ನು ಎರಡು ಚಳಿಗಾಲ ಒರೆಸಿದವಳು. ಇದ್ಯಾವುದಕ್ಕೂ ಅವಳ ಹೊಟ್ಟೆ ತೊಳೆಸಿರಲಿಲ್ಲ. ಆ ವರ್ಷದ ಚಳಿಗಾಲದಲ್ಲಿ ತೊಳೆಸಿತು, ಅದೂ ಅವಳ ಸ್ವಂತ ಮನೆಯಲ್ಲಿ.

ಲಡಾಖಿನ ಆ ಕಣಿವೆಯಲ್ಲಿ ಹಿರಿಮಗನಿಗೆ ಮದುವೆಯಾಗಿ ಒಂದು ಮಗುವಾಯಿತೆಂದರೆ ಅಪ್ಪ ಅಮ್ಮ ದೊಡ್ಡಮನೆಯನ್ನು ಅವನ ಕೈಗೆ ಒಪ್ಪಿಸಿ ಅಂಗಳದಾಚೆಯ ಚಿಕ್ಕಮನೆಗೆ ಹೋಗಿಬಿಡುತ್ತಾರೆ. ಹೊರಗಿನವರು ಕೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಎಂಥದ್ದು? ಪುತಿತ್ ಮದುವೆಯಾದ ಮಾರನೆಯ ದಿನದಿಂದ ಆ ಚಿಕ್ಕಮನೆಯ ಮೇಲೆ ಕಣ್ಣಿಟ್ಟಿದ್ದಳು. ದೊಡ್ಡಮನೆಯಲ್ಲಿ ಹನ್ನೊಂದು ಜನಕ್ಕೆ ಹಿಟ್ಟು ಕಲಸುವಾಗ, ಬಂದ ನೆಂಟರಿಗೆಲ್ಲ ಬೆಣ್ಣೆ ಚಹಾ ಕಡೆಯುವಾಗ, ಮೊಮ್ಮಗ ಹುಟ್ಟಿದ ಮೇಲೂ ದೊಡ್ಡಮನೆ ಬಿಟ್ಟು ಕದಲದ ಅತ್ತೆ ಒಲೆಯ ಬಲಗಡೆಯ ಜಾಗ ಬಿಡದೆ ಕೂತು ಬಾಗಿಲ ಚಳಿಗೆ ಸೊಸೆಯನ್ನು ತಳ್ಳಿದಾಗ, ಪುತಿತ್ ಕಿಟಕಿಯಾಚೆಯ ಆ ಮಣ್ಣಿನ ಗೂಡನ್ನು ನೋಡುತ್ತಿದ್ದಳು. ಇರಲಿ, ನನಗೂ ಒಂದು ದಿನ ಬರುತ್ತದೆ ಎಂದುಕೊಳ್ಳುತ್ತಿದ್ದಳು. ಯಾರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಆ ದಿನ ಬಂತು. ಸುಗ್ಗಿ ಮುಗಿದ ಮೇಲೆ ಗಂಡ ಮೊರುಪ್‌ನನ್ನು ಕರೆದುಕೊಂಡು ಅವಳು ಚಿಕ್ಕಮನೆ ಸೇರಿದಳು. ಮೊಮ್ಮಗಳು ಹುಟ್ಟಿದಾಗಿನಿಂದ ಊರೆಲ್ಲ ಇವರನ್ನು ಮೇಮೆ, ಅಬಿ, ಎಂದರೆ ಅಜ್ಜ, ಅಜ್ಜಿ ಎಂದೇ ಕರೆಯುತ್ತಿತ್ತು. ಗಂಡ ಹೆಂಡತಿಯೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಿದ್ದರು.

ಚಿಕ್ಕಮನೆ ಎಂದರೆ ಒಂದೇ ಕೋಣೆ. ಏಳು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಸೂರು ತಗ್ಗು, ಬಾಗಿಲು ಇನ್ನೂ ತಗ್ಗು. ಉತ್ತರಕ್ಕೆ ಕಿಟಕಿಯೇ ಇಲ್ಲ. ದಕ್ಷಿಣಕ್ಕೆ ಒಂದು, ಅದಕ್ಕೆ ಎರಡು ಪದರ ಪ್ಲಾಸ್ಟಿಕ್. ನೆಲದ ಕೆಳಗೆ ದನದ ಕೊಟ್ಟಿಗೆ, ಹಸುಗಳ ಮೈಯ ಕಾವು ಮಣ್ಣಿನ ನೆಲ ದಾಟಿ ಮೇಲಕ್ಕೆ ಬರುತ್ತದೆ. ಹೊರಗೆ ಉಗುಳಿದ್ದು ನೆಲಕ್ಕೆ ಬೀಳುವ ಮೊದಲೇ ಹೆಪ್ಪುಗಟ್ಟುವ ದಿನಗಳಲ್ಲೂ ಒಳಗೆ ಬರಿಗೈಯಲ್ಲಿ ಹಿಟ್ಟು ನಾದಬಹುದು. ಒಲೆಯ ಪಕ್ಕ ಕಾಲು ಮಡಚಿ ಕೂತರೆ ಪುತಿತ್ ಏಳಬೇಕಾದ ಕೆಲಸವೇ ಇರಲಿಲ್ಲ. ಎಡಗೈಗೆ ಬೆರಣಿಯ ಬುಟ್ಟಿ, ಬಲಗೈಗೆ ಬಾರ್ಲಿ ಹಿಟ್ಟಿನ ಚೀಲ, ತಲೆಯ ಮೇಲೆ ಒಣಗಿಸಿದ ಗೆಡ್ಡೆಗಳ ಸರ, ಬೆನ್ನ ಹಿಂದೆ ಹಾಸಿಗೆ. ಒಲೆಯ ಬಲಗಡೆಯ ಜಾಗ ಅವಳದ್ದು. ಮೊದಲ ಹಿಮ ಬಿದ್ದ ದಿನ ಅವಳು ಅಲ್ಲೇ ಕೂತು, ಯಾರೂ ಕೇಳದೆ ಇದ್ದರೂ, ತನಗಾಗಿ ಒಂದು ಬಟ್ಟಲು ಚಹಾ ಬಗ್ಗಿಸಿಕೊಂಡು ಕುಡಿದಳು. ಆ ಚಹಾ ಅವಳಿಗೆ ಮದುವೆಯ ದಿನದ ಊಟಕ್ಕಿಂತ ರುಚಿಯಾಗಿತ್ತು.

ಹೊರಗೆ ನಾಲ್ಕು ಹೆಜ್ಜೆಗೆ ಕಕ್ಕಸು. ಒಂದು ಮಣ್ಣಿನ ಗೂಡು, ನೆಲದಲ್ಲಿ ಒಂದು ಕಿಂಡಿ, ಅದರ ಕೆಳಗೆ ಗೊಬ್ಬರ ತೆಗೆಯಲು ಬಾಗಿಲಿಟ್ಟ ಗುಂಡಿ, ಮೂಲೆಯಲ್ಲಿ ಒಣಮಣ್ಣಿನ ಗುಡ್ಡೆ, ಒಂದು ಸಲಿಕೆ. ಕೆಲಸ ಮುಗಿಸಿ ಎರಡು ಸಲಿಕೆ ಮಣ್ಣು ತಳ್ಳಿದರೆ ಮುಗಿಯಿತು. ವಾಸನೆಯಿಲ್ಲ, ನೊಣವಿಲ್ಲ, ಹಿಮ ಕರಗಿದ ಮೇಲೆ ಅದೇ ಹೊಲಕ್ಕೆ ಗೊಬ್ಬರ. ನೀರಿಲ್ಲದೆ ಹೇಗಪ್ಪಾ ಎಂದು ಕೇಳುವವರು ಅಲ್ಲಿ ಒಂದು ಚಳಿಗಾಲ ಇದ್ದು ನೋಡಬೇಕು. ಮಣ್ಣು ಸೇರಿದರೆ ಅದು ಗೊಬ್ಬರ, ನೀರು ಸೇರಿದರೆ ಅದು ಹೇಲು ಎಂದು ಪುತಿತಳ ಅತ್ತೆ ಹೇಳುತ್ತಿದ್ದಳು. ಆ ಮುದುಕಿ ಜೀವಮಾನದಲ್ಲಿ ಆಡಿದ ಒಂದೇ ಒಂದು ಸರಿಯಾದ ಮಾತು ಅದು.

ಇಂಥ ಅಜ್ಜಿಯ ಮೊಮ್ಮಗ ತುಂಡುಪ್ ಲೇಹ್‌ನಲ್ಲಿ ನಾಲ್ಕು ವರ್ಷ ಹೋಟೆಲಿನ ಕೆಲಸ ಕಲಿತು ಬಂದಿದ್ದ. ದೊಡ್ಡಮನೆ ಕೈಗೆ ಬಂದದ್ದೇ ತಡ, ಹಳೆಯ ಕಕ್ಕಸು ಕೆಡವಿ ನೀಲಿ ಟೈಲ್ಸಿನ ಬಚ್ಚಲು ಕಟ್ಟಿಸಿದ, ಬಿಳಿ ಕಮೋಡು ಇಡಿಸಿದ, ಮಹಡಿಯ ಮೇಲೆ ಮೂರು ಕಡೆಯೂ ಗಾಜಿನ ಗೋಡೆಯ ಕೋಣೆ ಎಬ್ಬಿಸಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮಾರನೆಯ ವರ್ಷ ಬೇಸಗೆಯಲ್ಲಿ ಬಂದ ಪ್ರವಾಸಿಗರು ಅದನ್ನು ಹೊಗಳಿದರು. ನವೆಂಬರಿನಲ್ಲಿ ಪೈಪು ಹೆಪ್ಪುಗಟ್ಟಿ ಸೀಳಿತು, ಟ್ಯಾಂಕು ಒಡೆಯಿತು, ಕಮೋಡಿನಲ್ಲಿ ಇದ್ದದ್ದು ಇದ್ದ ಹಾಗೇ ಕಲ್ಲಾಯಿತು. ಅದರ ಮೇಲೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಒಂದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟು ತುಂಡುಪ್ ಬಾಗಿಲು ಹಾಕಿಕೊಂಡ. ಅಂದಿನಿಂದ ದೊಡ್ಡಮನೆಯವರೂ ಚಿಕ್ಕಮನೆಯ ಕಕ್ಕಸಿಗೇ ಬರತೊಡಗಿದರು. ಅವರು ಮಣ್ಣು ಹಾಕುವುದನ್ನು ಬಲ್ಲವರು, ಪುತಿತ್ ಏನೂ ಅನ್ನಲಿಲ್ಲ.

ಜನವರಿಯಲ್ಲಿ ಹಿಮಚಿರತೆ ನೋಡಲು ಕೆಳಗಿನ ಸೀಮೆಯಿಂದ ಮೂವರು ಗಂಡಸರು ದೊಡ್ಡಮನೆಗೆ ಬಂದಿಳಿದರು. ಬಂದ ಮಾರನೆಯ ಮಧ್ಯಾಹ್ನ ತುಂಡುಪ್ ಚಿಕ್ಕಮನೆಗೆ ಬಂದು ಒಲೆಯ ಮುಂದೆ ಕೈ ಕಾಯಿಸುತ್ತಾ ಕೂತ.

"ಅಮಾ-ಲೆ, ಅವರಿಗೆ ಗಾಜಿನ ಕೋಣೇಲಿ ಮಲಗೋಕಾಗ್ತಿಲ್ಲ. ಒಬ್ಬನಿಗೆ ಬೆಳಿಗ್ಗೆ ಮೂಗಲ್ಲಿ ರಕ್ತ ಬಂತು."

"ಬಾಟ್ಲಿ ಒಳಗೆ ಮಲಗಿದ್ರೆ ರಕ್ತ ಬರದೆ ಹಾಲು ಬರುತ್ತಾ?"

"ನೋಡು, ಇಲ್ಲಿ ಎಷ್ಟು ಬೆಚ್ಚಗಿದೆ," ಎಂದು ತುಂಡುಪ್ ಸುತ್ತ ಕಣ್ಣಾಡಿಸಿದ.

ಇಲ್ಲಿ ಪುತಿತ್ ಒಂದು ತಪ್ಪು ಮಾಡಿದಳು. ಅವರ ಕಡೆಯವರು ಮಾತ್ರ ಮಾಡಬಲ್ಲ ತಪ್ಪು. ಆ ಊರಿನಲ್ಲಿ ಯಾರೂ ಕೊಟ್ಟದ್ದನ್ನು ಕೊಟ್ಟ ಕೂಡಲೇ ತೆಗೆದುಕೊಳ್ಳುವುದಿಲ್ಲ. ಚಹಾ ಬಗ್ಗಿಸಲು ಬಂದರೆ ಬಟ್ಟಲಿಗೆ ಅಂಗೈ ಮುಚ್ಚಿ ಬೇಡ ಎನ್ನಬೇಕು. ಕುಡಿ ಎಂದರೆ ಬೇಡ, ಇಲ್ಲ ಕುಡಿಯಲೇಬೇಕು ಎಂದರೂ ಬೇಡ. ಹೀಗೆ ಮೂರು ಸಲವಾದರೂ ಜಗ್ಗಾಡಿದ ಮೇಲೆ ನಾಲ್ಕನೆಯ ಸಲ, ಕೊಡುವವರಿಗೆ ನಿಜವಾಗಿ ಕೊಡುವ ಮನಸ್ಸಿದೆ ಎಂದು ಗೊತ್ತಾದರೆ, ಕೈ ತೆಗೆಯಬೇಕು. ಆದ್ದರಿಂದ ಕೊಡುವವರೂ ಮೊದಲ ಸಲ ಧಾರಾಳವಾಗಿ ಏನು ಬೇಕಾದರೂ ಕೊಡಬಹುದು, ಎದುರಿನವರು ಹೇಗೂ ಬೇಡ ಎನ್ನುತ್ತಾರೆ. ಪುತಿತ್ ಆ ಧೈರ್ಯದ ಮೇಲೆ ಬಾಯಿ ಉಪಚಾರಕ್ಕೆ ಹೇಳಿದಳು.

"ನನ್ನ ಮನೆ ನಿನ್ನ ಮನೆ ಅಂತ ಬೇರೆ ಇದೆಯಾ? ಕರ್ಕೊಂಡು ಬಾ ಇಲ್ಲಿಗೇ. ಮುದುಕರು ನಾವು, ಯಾವುದಾದ್ರೂ ಮೂಲೇಲಿ ಬಿದ್ಕೋತೀವಿ."

ಹೇಳಿ, ಮಗ ಬೇಡ ಅಮಾ-ಲೆ ಎನ್ನುವುದನ್ನು ಕಾಯುತ್ತಾ ಒಲೆಗೆ ಒಂದು ಬೆರಣಿ ಹಾಕಿದಳು.

"ಹಂಗಾದ್ರೆ ಸಂಜೆಗೇ ಹಾಸಿಗೆ ತಂದುಬಿಡ್ತೀನಿ," ಎಂದು ತುಂಡುಪ್ ಎದ್ದ. "ಹತ್ತು ದಿನ ಅಷ್ಟೇ."

ಬಾಗಿಲು ಹಾಕಿದ ಸದ್ದಾದ ಮೇಲೂ ಪುತಿತಳ ಕೈ ಬೆರಣಿಯ ಬುಟ್ಟಿಯಲ್ಲೇ ಇತ್ತು. ಹೋಟೆಲಿನಲ್ಲಿ ಬೇಡ ಎನ್ನುವುದನ್ನು ಕಲಿಸುವುದಿಲ್ಲ ಎಂದು ಅವಳಿಗೆ ಹೊಳೆದಿರಲಿಲ್ಲ.

"ಮೇಮೆ, ಕೇಳಿಸ್ತಾ?" ಎಂದು ಗಂಡನ ಕಡೆ ತಿರುಗಿದಳು. "ಒಂದು ಸಲವಾದ್ರೂ ಬೇಡ ಅಂದ್ನಾ ಅವನು?"

ಮೊರುಪ್ ಜಪಮಾಲೆಯ ಮಣಿ ಸರಿಸಿದ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು, ಅಬಿ. ಕರೆದೋಳು ನೀನೇ."

"ಬಾಯಿಮಾತಿಗೆ ಕರೆದೆ ಕಣೋ!"

"ಹಂಗಾದ್ರೆ ಹೋಗಿ ಆಗಲ್ಲ ಅಂತ ಹೇಳು."

ಹೇಳುವುದು ಹೇಗೆ? ಕೊಟ್ಟ ಮಾತನ್ನು ಕಿತ್ತುಕೊಳ್ಳಲು ದನಿ ಏರಿಸಬೇಕು. ಆ ಊರಿನಲ್ಲಿ ಕಳ್ಳನಿಗೂ ಕ್ಷಮೆಯಿದೆ, ಕುಡುಕನಿಗಂತೂ ಮದುವೆಯ ಪಂಕ್ತಿಯಲ್ಲಿ ಜಾಗವೇ ಇದೆ. ಆದರೆ 'ಸಿಟ್ಟಿನವಳು' ಎಂಬ ಹೆಸರು ಒಮ್ಮೆ ಬಂದರೆ ಸತ್ತ ಮೇಲೂ ಹೋಗುವುದಿಲ್ಲ. ಅದಕ್ಕಿಂತ ಕೆಟ್ಟ ಬೈಗುಳ ಅವರ ಭಾಷೆಯಲ್ಲಿ ಇಲ್ಲ. ಮೂವತ್ತನಾಲ್ಕು ವರ್ಷ ಅತ್ತೆಯ ಕೈಕೆಳಗೆ ಇದ್ದೂ ಪುತಿತ್ ಆ ಹೆಸರು ಬರದಂತೆ ನೋಡಿಕೊಂಡಿದ್ದಳು. ಈಗಲೂ ನುಂಗಿಕೊಂಡಳು.

ಸಂಜೆ ಮೂವರೂ ಬಂದರು. ಜೊತೆಗೆ ಅವರನ್ನು ನೋಡಿಕೊಳ್ಳಲೆಂದು ತುಂಡುಪ್ ಬಂದ, ಅಡುಗೆಗೆ ಕೈಜೋಡಿಸಲೆಂದು ಸೊಸೆ ಚೊರೊಲ್ ಬಂದಳು. ಅವಳು ಐದು ತಿಂಗಳ ಬಸುರಿ. ಮೊದಲ ಮಗಳು ಚಳಿಗಾಲದ ರಜೆಗೆ ಲೇಹ್‌ನ ತವರಿನಲ್ಲಿದ್ದಳು. ಇಬ್ಬರಿಗೆಂದು ಕಟ್ಟಿದ ಕೋಣೆಯಲ್ಲಿ ಏಳು ಜನ. ಒಲೆಯ ಬಲಗಡೆ ಅತಿಥಿಗಳಲ್ಲೇ ದಪ್ಪಗಿದ್ದ, ಗೊಂಡೆಯ ಟೊಪ್ಪಿಯವನು ಹಾಸಿಗೆ ಬಿಡಿಸಿದ. ಮೊರುಪ್‌ನ ಜಾಗ ಯಾರೂ ಕದಲಿಸಲಿಲ್ಲ, ಹಿರಿಯ ಗಂಡಸು ನೋಡಿ. ಪುತಿತ್ ಮತ್ತು ಚೊರೊಲ್ ಬಾಗಿಲ ಬಳಿ ಹುಲ್ಲಿನ ಹೊರೆಗೆ ಒರಗಿಕೊಂಡರು. ಬಾಗಿಲ ಸಂದಿಯಿಂದ ಬರುವ ಆ ಚಳಿಯನ್ನು ಪುತಿತ್ ಚೆನ್ನಾಗಿ ಬಲ್ಲಳು.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಅವಳಿಗೆ ಉಗುಳಬೇಕೆನಿಸುತ್ತದೆ. ಮೂವರ ಒದ್ದೆ ಕಾಲುಚೀಲಗಳು ಒಲೆಯ ಮೇಲಿನ ಹಗ್ಗಕ್ಕೆ ಬಂದವು, ಕೆಳಗೆ ಕುದಿಯುವ ಸಾರಿಗೆ ಅವುಗಳಿಂದ ತೊಟ್ಟಿಕ್ಕಿತು. ಒಬ್ಬ ಹಲ್ಲುಜ್ಜಿ ನೊರೆಯನ್ನು ಬೂದಿಯ ಡಬ್ಬಿಗೆ ಉಗಿದ. ಇನ್ನೊಬ್ಬನಿಗೆ ನೆಗಡಿ, ಸೀನಿ ಒರೆಸಿದ ಕಾಗದವನ್ನೆಲ್ಲ ಹಿಟ್ಟಿನ ಚೀಲದ ಮೇಲೆ ಉಂಡೆ ಮಾಡಿ ಇಡುತ್ತಿದ್ದ. ಗೊಂಡೆ ಟೊಪ್ಪಿಯವನು ಮುಖ, ಕಂಕುಳು, ಕಾಲ್ಬೆರಳ ಸಂದಿ ಎಲ್ಲವನ್ನೂ ಒಂದೇ ಬಗೆಯ ಗುಲಾಬಿ ಒದ್ದೆ ಕಾಗದದಿಂದ ಒರೆಸಿಕೊಂಡು ಅದನ್ನು ಒಲೆಗೆ ಎಸೆದ. ಒಲೆಯಲ್ಲಿ ದೇವರಿದೆ. ಹಾಲು ಉಕ್ಕಿ ಬಿದ್ದರೂ ಕ್ಷಮೆ ಕೇಳಬೇಕಾದ ದೇವರು. ಅದರ ಬಾಯಿಗೆ ಕಂಕುಳ ಕೊಳೆ! ಪ್ಲಾಸ್ಟಿಕ್ ಸುಟ್ಟ ನಾತಕ್ಕೆ ಕೋಣೆ ತುಂಬಿತು. ಪುತಿತ್ ಓಡಿಹೋಗಿ ಕೆಂಡದ ಮೇಲೆ ಒಣ ಜುನಿಪರ್ ಎಲೆ ಹಾಕಿ ಕೈ ಮುಗಿದಳು. ಅತಿಥಿಗಳು ಆ ಪರಿಮಳಕ್ಕೆ ವಾಹ್ ವಾಹ್ ಎಂದರು.

ಅವರೇನು ಕೆಟ್ಟವರಲ್ಲ. ಅದೇ ಅವಳಿಗೆ ಇನ್ನೂ ಅಸಹ್ಯ. ಬೆಳಗಾದರೆ ನಗುನಗುತ್ತಾ ಜೂಲೆ ಎಂದು ಕೈ ಮುಗಿಯುತ್ತಿದ್ದರು, ಊಟ ಹೊಗಳುತ್ತಿದ್ದರು, ಮೊರುಪ್‌ಗೆ ರಮ್ ಕೊಡುತ್ತಿದ್ದರು. ಮೊರುಪ್ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ತನ್ನ ಹುಡುಗಾಟದ ಕಥೆಗಳನ್ನೆಲ್ಲ ಎರಡೆರಡು ಸಲ ಹೇಳಿ, ಮೂಗಿಗೆ ಬೆರಳು ಹಾಕಿ, ಅದೇ ಬೆರಳಲ್ಲಿ ಅವರಿಗೆ ಒಣ ಏಪ್ರಿಕಾಟ್ ಹಂಚುತ್ತಿದ್ದ. ಅವರೂ ತಿನ್ನುತ್ತಿದ್ದರು. ಒಬ್ಬರಿಗೊಬ್ಬರು ಸರಿಯಾಗಿದ್ದಾರೆ ಎಂದುಕೊಂಡಳು ಪುತಿತ್.

ಐದನೆಯ ದಿನ ಗೊಂಡೆ ಟೊಪ್ಪಿಯವನು ಫೋನು ಹಿಡಿದು ಅವಳ ಎದುರು ಕೂತ. ಚಳಿಗಾಲದಲ್ಲಿ ಪುಟ್ಟ ಮನೆಯಲ್ಲಿ ಹಾಯಾಗಿ ಬದುಕುವುದು ಹೇಗೆ ಎಂದು ಜನಕ್ಕೆ ತೋರಿಸಬೇಕಂತೆ.

"ಅಮಾ-ಲೆ, ನಿನ್ನ ಗುಟ್ಟೇನು ಅಂತ ಕೇಳ್ತಿದಾರೆ," ಎಂದ ತುಂಡುಪ್.

"ಜನ ಕಮ್ಮಿ ಇರ್ಬೇಕು ಅಂತ ಹೇಳು."

ತುಂಡುಪ್ ಹಿಂದಿಯಲ್ಲಿ ಏನೋ ಹೇಳಿದ. ಮೂವರೂ ಎದೆ ಮುಟ್ಟಿಕೊಂಡು ಕಣ್ಣು ಅರೆಮುಚ್ಚಿದರು.

"ಏನಂದೆ ಅವರಿಗೆ?"

"ಮನೇನ ಬೆಚ್ಚಗಿಡೋದು ಒಲೆ ಅಲ್ಲ, ಜನರ ಪ್ರೀತಿ ಅಂತ."

"ಥೂ," ಎಂದಳು ಪುತಿತ್. ಅದನ್ನೂ ಫೋನು ಹಿಡಿದುಕೊಂಡಿತು.

ಕಕ್ಕಸಿನ ವಿಷಯ ಅವಳಿಗೆ ಮೂರನೆಯ ದಿನವೇ ಗೊತ್ತಾಗಿತ್ತು. ಮೂಲೆಯ ಮಣ್ಣಿನ ಗುಡ್ಡೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಕಿಂಡಿಯ ಸುತ್ತ ಮಂಜುಗಡ್ಡೆ ಹೊಳೆಯುತ್ತಿತ್ತು. ಇವರು ನೀರು ಬಳಸುತ್ತಿದ್ದಾರೆ, ಮಣ್ಣು ಮುಟ್ಟುತ್ತಿಲ್ಲ. ತಮ್ಮ ಬಾಟಲಿಗಳಲ್ಲಿ ಒಯ್ಯುತ್ತಾರೆ ಎಂದುಕೊಂಡು ಅವಳು ಮಗನನ್ನು ಅಂಗಳಕ್ಕೆ ಕರೆದಳು.

"ನೀರು ಹಾಕಬೇಡಿ, ಮಣ್ಣು ಹಾಕಿ ಅಂತ ಹೇಳೋ ಅವರಿಗೆ."

"ಹೆಂಗೆ ಹೇಳೋದು ಅಮಾ-ಲೆ? ನಾಚಿಕೆ ಆಗುತ್ತೆ. ಅತಿಥಿಗಳು."

"ಹಾಕೋರಿಗೆ ನಾಚಿಕೆ ಇಲ್ಲ, ಹೇಳೋಕೆ ನಿಂಗೆ ನಾಚಿಕೆ!"

"ಹೇಳ್ತೀನಿ ಬಿಡು," ಎಂದ, ಹೇಳಲಿಲ್ಲ. ಪುತಿತ್ ತಾನೇ ಸಲಿಕೆ ತೋರಿಸಿ, ಕೈಸನ್ನೆ ಮಾಡಿ ತಿಳಿಸಲು ನೋಡಿದಳು. ಅವರು ಸಲಿಕೆಯ ಜೊತೆಗೆ ಅವಳ ಫೋಟೋ ತೆಗೆದರು.

ಒಂಬತ್ತನೆಯ ದಿನ ಸಂಜೆ ತುಂಡುಪ್ ತುಂಬಾ ಖುಷಿಯಲ್ಲಿದ್ದ. ಚಿರತೆ ಇನ್ನೂ ಕಂಡಿಲ್ಲ, ಮೂವರೂ ಇನ್ನೆರಡು ವಾರ ಇರುತ್ತಾರಂತೆ. ಅವರ ಹಿಂದೆ ಇನ್ನೊಂದು ಗುಂಪು ಬರುತ್ತದಂತೆ, ಆ ವಿಡಿಯೋ ನೋಡಿದವರು.

"ಅದಕ್ಕೇ ಅಮಾ-ಲೆ, ನೀನೂ ಅಬಾ-ಲೆನೂ ಗಾಜಿನ ಕೋಣೆಗೆ ಬಂದ್ಬಿಡಿ. ಕಂಬಳಿ ಜಾಸ್ತಿ ಕೊಡ್ತೀನಿ. ಇನ್ಮೇಲೆ ಪ್ರತಿ ಚಳಿಗಾಲ ಇದು ಗೆಸ್ಟ್ ಹೌಸು. ಬೋರ್ಡೂ ಬರೆಸೋಕೆ ಕೊಟ್ಟಾಯ್ತು."

ಬೆರಳು ಕೊಟ್ಟರೆ ಹಸ್ತ ನುಂಗುವುದು ಎಂದರೆ ಇದು. ಪುತಿತ್ ಗಂಡನನ್ನು ನೋಡಿದಳು. ಮೊರುಪ್ ಮಣಿ ಎಣಿಸುತ್ತಿದ್ದ. ಅಪ್ಪ ಸುಮ್ಮನಿದ್ದರೆ ಒಪ್ಪಿದ ಹಾಗೆ ಎಂದುಕೊಂಡು ತುಂಡುಪ್ ಬೋರ್ಡಿನ ಬಣ್ಣದ ಮಾತಿಗೆ ಹೋದ. ಮೂವತ್ತನಾಲ್ಕು ವರ್ಷ ಕಾದು ಸಿಕ್ಕ ಮನೆ ಕೈಬಿಟ್ಟು ಹೋಗುತ್ತಿದೆ, ಹೋಗುತ್ತಿರುವುದು ತಾನು ಆಡಿದ ಒಂದು ಉಪಚಾರದ ಮಾತಿನಿಂದ, ಎಂದು ಅವಳಿಗೆ ಹೊಳೆಯಿತು. ಆಗಲೂ ಅವಳ ಬಾಯಿಂದ ಬಂದದ್ದು ಒಂದು ಹ್ಞೂಂ ಮಾತ್ರ. ಮಾಡಿಕೊಂಡ ಅಭ್ಯಾಸ ಬಿಡಬೇಕಲ್ಲ. ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಹತ್ತನೆಯ ದಿನ ಬೆಳಿಗ್ಗೆ ಎಂದಿನಂತೆ ಅವಳು ತೊರೆಗೆ ಹೋಗಿ, ಮಂಜುಗಡ್ಡೆ ಒಡೆದು, ಎರಡು ಡಬ್ಬಿ ನೀರು ಹೊತ್ತು ಬಂದಳು. ದಿನಾ ಈ ಕೆಲಸಕ್ಕೆ ಒಂದು ಗಂಟೆ ಬೇಕು. ಆ ದಿನ ತೊರೆಯ ತೂತು ತೆಳ್ಳಗೆ ಮಾತ್ರ ಹೆಪ್ಪುಗಟ್ಟಿತ್ತು, ಬೇಗ ಬಂದುಬಿಟ್ಟಳು. ಅಂಗಳದಲ್ಲಿ ತುಂಡುಪ್, ಮೂವರು ಅತಿಥಿಗಳು, ಚೊರೊಲ್ ಎಲ್ಲರೂ ಕಕ್ಕಸಿನ ಬಾಗಿಲ ಮುಂದೆ ನಿಂತಿದ್ದರು. ಗೊಂಡೆ ಟೊಪ್ಪಿಯವನು ಮೂಗಿಗೆ ಮಫ್ಲರ್ ಸುತ್ತಿಕೊಂಡಿದ್ದ.

ಪುತಿತ್ ನಡುವೆ ನುಗ್ಗಿ ಒಳಗೆ ಇಣುಕಿದಳು. ಹಿಂದಿನ ದಿನದವರೆಗೂ ಕಿಂಡಿಯ ಕೆಳಗೇ ಕಂಬದಂತೆ ಬೆಳೆಯುತ್ತಿದ್ದದ್ದು ಈಗ ಕಿಂಡಿಯನ್ನೂ ದಾಟಿ ನಾಲ್ಕು ಬೆರಳು ಮೇಲಕ್ಕೆ ನಿಂತಿತ್ತು. ಕಂದು, ಹಳದಿ, ನಡುನಡುವೆ ಗುಲಾಬಿ ಕಾಗದ, ಎಲ್ಲದರ ಮೇಲೆ ಗಾಜಿನಂತೆ ನೀರಿನ ಪದರ. ಪದರ ಪದರವಾಗಿ ಒಂಬತ್ತು ದಿನದ ಲೆಕ್ಕ ಅದರಲ್ಲಿತ್ತು. ತುದಿಯಿಂದ ಇನ್ನೂ ಹಬೆ ಏಳುತ್ತಿತ್ತು.

ಹಬೆ ಎಲ್ಲಿಂದ ಎಂದು ಅವಳು ನೆಲ ನೋಡಿದಳು. ಅಲ್ಲಿ ಅವಳ ಕೆಟಲ್ ಇತ್ತು.

ಅದು ತವರಿನಿಂದ ತಂದ ತಾಮ್ರದ ಕೆಟಲ್. ಹಗಲೆಲ್ಲ ಒಲೆಯ ಮೇಲೆ ಕೂತಿರುವ, ಚಹಾ ಕಾಯಿಸುವ ಕೆಟಲ್. ಅದರ ಕೊಕ್ಕಿನ ತುದಿ ಒದ್ದೆಯಾಗಿತ್ತು.

"ಇದು ಇಲ್ಲಿಗೆ ಹೆಂಗೆ ಬಂತು?"

"ಬಿಸಿನೀರು ಹಾಕಿದ್ರೆ ಕರಗುತ್ತೇನೋ ಅಂತ ಅವರು ನೋಡಿದ್ರು," ಎಂದ ತುಂಡುಪ್. "ಕರಗಲಿಲ್ಲ. ಹಾರೆಲೇ ಒಡೀಬೇಕು."

"ಇವತ್ತು ತಂದ್ರಾ?"

ತುಂಡುಪ್ ಅತಿಥಿಗಳ ಕಡೆ ತಿರುಗಿದ. ಚೊರೊಲ್ ತಲೆ ತಗ್ಗಿಸಿ ಹೇಳಿದಳು.

"ದಿನಾ ತರ್ತಿದ್ರಂತೆ, ಅಮಾ-ಲೆ. ನೀವು ತೊರೆಗೆ ಹೋದ ಮೇಲೆ. ನಾನು ಕೊಟ್ಟಿಗೇಲಿ ಇರ್ತೀನಲ್ಲ, ನಂಗೂ ಇವತ್ತೇ ಗೊತ್ತಾಗಿದ್ದು. ತಣ್ಣೀರು ಅವರಿಗೆ ಆಗಲ್ಲ ಅಂತ ಇವರೇ ಕೊಡ್ತಿದ್ರಂತೆ. ಆಮೇಲೆ ತಂದು ಒಲೆ ಮೇಲೆ ಇಡ್ತಿದ್ರಂತೆ."

"ಹೊರಗಡೆಯಿಂದ ಒರೆಸಿಯೇ ಇಡ್ತಿದ್ದೆ," ಎಂದ ತುಂಡುಪ್.

ಒಂಬತ್ತು ದಿನ. ದಿನಕ್ಕೆ ಆರು ಬಟ್ಟಲಾದರೂ ಪುತಿತ್ ಕುಡಿಯುತ್ತಿದ್ದಳು. ಒಬ್ಬೊಬ್ಬರಾಗಿ ಇಲ್ಲಿ ಕುಕ್ಕರುಗಾಲಲ್ಲಿ ಕೂತು, ತೊಳೆದುಕೊಳ್ಳುವ ಕೈಯಲ್ಲಿ ಹಿಡಿ ಹಿಡಿದು ಬಗ್ಗಿಸಿದ್ದು, ಆಮೇಲೆ ಅದೇ ಕೊಕ್ಕು ತನ್ನ ಬಟ್ಟಲಿಗೆ ಬಾಗಿದ್ದು ಅವಳ ಕಣ್ಣಿಗೆ ಕಟ್ಟಿತು. ಹೊಟ್ಟೆಯ ತಳದಿಂದ ಓಕರಿಕೆ ಎದ್ದು ಬಂತು. ಗೋಡೆ ಹಿಡಿದು ಬಗ್ಗಿದಳು, ಏನೂ ಬರಲಿಲ್ಲ.

ತಲೆ ಎತ್ತಿದಾಗ ತುಂಡುಪ್ ಹಾರೆಯನ್ನು ಹೆಂಡತಿಯ ಕೈಗೆ ಕೊಡುತ್ತಿದ್ದ.

"ಕೆಳಗಿನ ಬಾಗಿಲಿಂದ ಇಳಿದು ಬುಡಕ್ಕೆ ಹೊಡಿ. ನಂಗೆ ವಾಸನೆ ಆಗಲ್ಲ, ವಾಂತಿ ಬರುತ್ತೆ."

ಐದು ತಿಂಗಳ ಹೊಟ್ಟೆ ಹೊತ್ತುಕೊಂಡು ಚೊರೊಲ್ ಹಾರೆ ಹಿಡಿದು ಹೊರಟೇಬಿಟ್ಟಳು. ಆಗಲ್ಲ ಎನ್ನಲು ಅವಳಿಗೂ ಯಾರೂ ಕಲಿಸಿರಲಿಲ್ಲ. ಪುತಿತ್ ಹಾರೆಯನ್ನು ಕಿತ್ತುಕೊಂಡಳು. ಇನ್ನೊಂದು ಕೈಯಲ್ಲಿ ಕೆಟಲ್ ಎತ್ತಿ ಮಗನ ಕಾಲ ಬುಡಕ್ಕೆ ಬೀಸಿ ಒಗೆದಳು. ತಾಮ್ರ ಕಲ್ಲಿಗೆ ಬಡಿದ ಸದ್ದಿಗೆ ಕೊಟ್ಟಿಗೆಯ ಹಸು ಕೂಗಿತು.

"ಹೊರಡ್ರೋ ನನ್ನ ಮನೆಯಿಂದ! ಎಲ್ಲರೂ! ಈಗಲೇ!"

ಊರಿಗೆ ಊರೇ ಕೇಳುವಂತೆ ಬಂದ ದನಿ ಅದು. ಮೂವತ್ತನಾಲ್ಕು ವರ್ಷ ಒಳಗೇ ಕೂತಿದ್ದಕ್ಕೆ ಚೆನ್ನಾಗಿ ಬಲಿತಿತ್ತು. ಎದುರಿನ ಮನೆಯ ಮಾಡಿನ ಮೇಲೆ ಹುಲ್ಲು ಎಳೆಯುತ್ತಿದ್ದ ನೆರೆಯವಳು ಹಾಗೇ ನಿಂತುಬಿಟ್ಟಳು.

"ಅಮಾ-ಲೆ, ಮೆಲ್ಲಗೆ," ಎಂದ ತುಂಡುಪ್. "ನೀನೇ ತಾನೆ ಕರೆದಿದ್ದು?"

"ಕರೆದೆ. ಬಾಯಿಮಾತಿಗೆ ಕರೆದೆ. ನಾಯಿ ಸಾಕಿದ ಮಗನಾ ನೀನು, ಅಷ್ಟು ತಿಳಿಯದೆ ಇರೋಕ್ಕೆ? ತಿಳೀತು ನಿಂಗೆ. ತಿಳಿದೂ ತಗೊಂಡೆ. ನಿನ್ನ ಕುಂಡಿ ತೊಳೆದ ಕೈ ಇದು, ಈ ಕೈಯಿಗೆ ಎಂಥ ಚಹಾ ಕುಡಿಸಿದೆಯೋ ನೀನು!"

"ಜನ ನೋಡ್ತಿದಾರೆ. ಸಿಟ್ಟಿನವಳು ಅಂತಾರೆ ನಿನ್ನ."

"ಅನ್ನಲಿ! ನೀನೇ ಮನೆಮನೆಗೂ ಹೋಗಿ ಹೇಳು. ಆ ಬೋರ್ಡಲ್ಲೂ ಬರೆಸು. ಇಲ್ಲಿ ಸಿಟ್ಟಿನವಳಿದ್ದಾಳೆ, ಯಾರೂ ಬರಬೇಡಿ ಅಂತ!"

ಅತಿಥಿಗಳಿಗೆ ಭಾಷೆ ಬೇಕಾಗಲಿಲ್ಲ. ಒಳಗೆ ಹೋಗಿ ಚೀಲ, ಕಾಲುಚೀಲ, ಮೊಣಕೈ ಉದ್ದದ ಲೆನ್ಸು ಎಲ್ಲ ಬಾಚಿಕೊಂಡು ಬಂದರು. ಗೊಂಡೆ ಟೊಪ್ಪಿಯವನು ಟೊಪ್ಪಿ ತೆಗೆದು, ಎರಡೂ ಕೈ ಮುಗಿದು, ಕಣ್ಣಲ್ಲಿ ನೀರು ತಂದುಕೊಂಡು ಏನೋ ಹೇಳಿದ. ಗೊತ್ತಿರಲಿಲ್ಲ, ತಪ್ಪಾಯಿತು ಎಂದಿರಬೇಕು. ಒಳ್ಳೆಯವನೇ. ಆದರೆ ಒಳ್ಳೆಯವರ ಹೇಲೂ ಹೇಲೇ. ಪುತಿತ್ ಹಾರೆಯಿಂದ ದೊಡ್ಡಮನೆಯ ಕಡೆ ದಾರಿ ತೋರಿಸಿದಳು. ಅವರ ಹಿಂದೆ ತುಂಡುಪ್ ಹೋದ. ಚೊರೊಲ್ ಯಾವ ಕಡೆ ಹೆಜ್ಜೆ ಇಡಬೇಕೆಂದು ತಿಳಿಯದೆ ನಿಂತಿದ್ದಳು.

"ನೀನು ಒಳಗೆ ನಡಿ," ಎಂದಳು ಪುತಿತ್. "ಒಲೆ ಬಲಗಡೆ ಕೂತ್ಕೋ. ಆ ಹಾಸಿಗೆ ಮುಟ್ಟಬೇಡ, ಅದನ್ನ ನಾನು ಹೊರಗೆ ಒಗೀತೀನಿ."

ಒಗೆದಳು. ಹಗ್ಗ ಬಿಚ್ಚಿದಳು, ಬೂದಿಯ ಡಬ್ಬಿ ಖಾಲಿ ಮಾಡಿದಳು, ಹಿಟ್ಟಿನ ಚೀಲದ ಮೇಲಿನ ಉಂಡೆಗಳನ್ನು ಕಡ್ಡಿಯಿಂದ ಎತ್ತಿ ಎಸೆದಳು, ಬಟ್ಟಲುಗಳನ್ನೆಲ್ಲ ಬೂದಿ ಹಾಕಿ ಮೂರು ಸಲ ತಿಕ್ಕಿದಳು, ಜುನಿಪರ್ ಹೊಗೆ ಹಾಕಿದಳು. ಇಷ್ಟೂ ಹೊತ್ತು ಮೊರುಪ್ ತನ್ನ ಮೂಲೆಯಿಂದ ಕದಲಿರಲಿಲ್ಲ. ಅಂಗಳದ ಕೂಗಾಟಕ್ಕೂ ಹೊರಗೆ ಬಂದಿರಲಿಲ್ಲ. ಪುತಿತ್ ಅಟ್ಟದಿಂದ ಇನ್ನೂ ಯಾರೂ ಬಳಸದ ಅಲ್ಯೂಮಿನಿಯಂ ಪಾತ್ರೆ ಇಳಿಸಿ, ತಾನೇ ಹೊತ್ತು ತಂದ ನೀರು ಸುರಿದು, ಚಹಾ ಸೊಪ್ಪು ಹಾಕಿ ಕುದಿಸಿದಳು. ಉಪ್ಪು, ಬೆಣ್ಣೆ ಹಾಕಿ ಕಡೆದಳು. ಪರಿಮಳ ಎದ್ದಿತು.

ಮೊರುಪ್ ಜಪಮಾಲೆ ಕೆಳಗಿಟ್ಟು ಬಟ್ಟಲು ಮುಂದೆ ಚಾಚಿದ.

ಬಗ್ಗಿಸಲು ಹೋದ ಪುತಿತಳ ಕೈ ನಿಂತಿತು. ದಿನಕ್ಕೆ ಹತ್ತು ಬಟ್ಟಲು ಕುಡಿಯುವ ಮನುಷ್ಯ ಇವನು. ಒಂಬತ್ತು ದಿನದಿಂದ ಒಂದು ಬಟ್ಟಲೂ ಮುಟ್ಟಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಛಾಂಗ್ ಕುಡಿದುಕೊಂಡಿದ್ದ. ಹೊಟ್ಟೆ ಸರಿಯಿಲ್ಲದವನಿಗೆ ಹೆಂಡ ಹೇಗೆ ಸೇರುತ್ತದೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಬಾಗಿಲು ಪೂರಾ ಕಾಣುವ ಜಾಗದಲ್ಲಿ, ದಿನಾ ಬೆಳಿಗ್ಗೆ, ಇವನು ಕೂತಿರುತ್ತಿದ್ದ.

"ನಿಂಗೆ ಗೊತ್ತಿತ್ತು," ಎಂದಳು.

ಮೊರುಪ್ ಬಟ್ಟಲಿನ ತಳ ನೋಡಿದ. "ಹೇಳಿದ್ರೆ ನೀನು ಗಲಾಟೆ ಮಾಡ್ತಿದ್ದೆ, ಅಬಿ. ಅತಿಥಿಗಳ ಮುಂದೆ ಚೆನ್ನಾಗಿರಲ್ಲ ಅಂತ..."

"ಅದಕ್ಕೆ ನಾನು ಕುಡಿದೆ."

ಅವನು ಜಪಮಾಲೆಗೆ ಕೈ ಹಾಕಿದ. ಬಟ್ಟಲನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಈ ಸಲ ಅವಳಿಗೆ ಓಕರಿಕೆಯೂ ಬರಲಿಲ್ಲ. ಅವಳು ಆ ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡು, ಅಂಚಿನವರೆಗೂ ತುಂಬಿ, ಚೊರೊಲ್‌ಗೆ ಕೊಟ್ಟಳು. ತನಗೆ ಇನ್ನೊಂದು ಬಗ್ಗಿಸಿಕೊಂಡಳು. ಬಾಗಿಲಿಗೆ ಒರಗಿಸಿದ್ದ ಹಾರೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

"ಬುಡಕ್ಕೆ ಹೊಡಿ. ಒಡೆದದ್ದನ್ನ ಪೂರಾ ಹೊರಗೆ ಸಾಗಿಸು. ಆ ಗುಲಾಬಿ ಕಾಗದಗಳನ್ನ ಕೈಯಲ್ಲೇ ಆರಿಸಿ ತೆಗಿ, ಹೊಲಕ್ಕೆ ಹೋಗಬಾರದು."

ಮೊರುಪ್ ಮೊಣಕಾಲಿನ ಮೇಲೆ ಕೈಯೂರಿ ಎದ್ದ. ಹಾರೆ ತೆಗೆದುಕೊಂಡು, ಬಗ್ಗಿ ಬಾಗಿಲು ದಾಟಿ, ಅಲ್ಲಿಂದಲೇ ಹಿಂತಿರುಗಿ ನೋಡಿದ.

"ಆಮೇಲೆ?"

"ಆಮೇಲೆ ಗಾಜಿನ ಕೋಣೆಗೆ ಹೋಗು. ಕಂಬಳಿ ಜಾಸ್ತಿ ಕೊಡ್ತಾನಂತಲ್ಲ ನಿನ್ನ ಮಗ."